ಭಾವನ ಕಿವಿ, ಅಕ್ಕನ ಲಟ್ಟಣಿಗೆ

ನಮ್ಮ ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲಿನ ವಿಷಯದಲ್ಲೂ ನನಗೆ ಅನುಮಾನವಿದೆ. ಆದರೂ ಮದರಾಸಿನ ಮೈಲಾಪೂರಿನ ಅವರ ಬೀದಿಯಲ್ಲಿ ಯಾರೇ ಕಾರು ಕೊಂಡರೂ ಮೊದಲು ದೇವಸ್ಥಾನಕ್ಕೆ, ಅಲ್ಲಿಂದ ನೇರವಾಗಿ ಭಾವನ ಹತ್ತಿರಕ್ಕೆ ತರುತ್ತಿದ್ದರು. ದೇವಸ್ಥಾನದಲ್ಲಾದರೆ ನಾಲ್ಕು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಕುಂಕುಮ ಇಟ್ಟು, ಹತ್ತು ನಿಮಿಷದಲ್ಲಿ ಕಳಿಸಿಬಿಡುತ್ತಾರೆ. ಭಾವ ಅಷ್ಟು ಸುಲಭಕ್ಕೆ ಬಿಡುವವರೇ? ಬೀಚ್ ರಸ್ತೆಯಲ್ಲಿ ಎರಡು ಸುತ್ತು ಹಾಕಿಸಿ, ಕಣ್ಣು ಮುಚ್ಚಿಕೊಂಡು, "ಎಡಗಡೆ ಹಿಂದಿನ ಚಕ್ರ ಏನೋ ಹೇಳ್ತಾ ಇದೆ" ಎಂದುಬಿಟ್ಟರೆ ಮುಗಿಯಿತು, ಹೊಸ ಕಾರಿನ ಯಜಮಾನನ ಮುಖದ ಕಳೆಯೆಲ್ಲ ಇಳಿದುಹೋಗುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಹೇಳುವುದು ಬೇಡ. ಹೇಳಿದರೆ ಮದರಾಸಿನ ಕನ್ನಡಿಗರಲ್ಲಿ ಅರ್ಧದಷ್ಟು ಜನ "ನಮ್ಮ ಕಾರಲ್ಲೂ ಒಂದು ಗುಂಯ್ ಅನ್ನೋ ಸದ್ದಿದೆ" ಎಂದು ಅವರ ಮನೆಯ ಮುಂದೆ ಸಾಲು ನಿಲ್ಲುತ್ತಾರೆ!

ಭಾವ ಮೂವತ್ತು ಚಿಲ್ಲರೆ ವರ್ಷ ರೈಲ್ವೆಯಲ್ಲಿದ್ದವರು. ರೈಲು ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು, ಬೋಗಿಯಿಂದ ಬೋಗಿಗೆ ನಡೆಯುತ್ತಾ, ಒಂದೊಂದೇ ಚಕ್ರವನ್ನು ಬಡಿದು ಕೇಳುವುದು ಅವರ ಕೆಲಸ. ಗಟ್ಟಿ ಚಕ್ರ 'ಠಣ್' ಎನ್ನುತ್ತದಂತೆ, ಬಿರುಕು ಬಿಟ್ಟದ್ದು 'ಠಕ್' ಎನ್ನುತ್ತದಂತೆ. ಕೇಳಿದ ಮೇಲೆ ಸೀಮೆಸುಣ್ಣದ ಗುರುತು. ಸೊನ್ನೆ ಹಾಕಿದರೆ ಬೋಗಿ ಓಡಬಹುದು. ಇಂಟು ಹಾಕಿದರೆ ಸ್ಟೇಷನ್ ಮಾಸ್ತರರ ತಾತ ಬಂದು ಹೇಳಿದರೂ ಅದು ಅಲ್ಲಿಂದ ಕದಲುವಂತಿಲ್ಲ. ಕೊನೆಯ ಏಳೆಂಟು ವರ್ಷ ಮಾತ್ರ ಅದೇನಾಯಿತೋ, ತಾವಾಗಿಯೇ ಅರ್ಜಿ ಕೊಟ್ಟು ಆಫೀಸಿನ ಕುರ್ಚಿಗೆ ಹೋದರು. ಬಿಸಿಲಿಗೆ ಸಾಕಾಗಿರಬೇಕು ಎಂದುಕೊಂಡೆವು. ಮದರಾಸಿನ ಬಿಸಿಲು ಎಂದ ಮೇಲೆ ಬೇರೆ ಕಾರಣವನ್ನು ಯಾರು ತಾನೇ ಕೇಳುತ್ತಾರೆ?

ನಿವೃತ್ತಿಯಾದ ಮೇಲೆ ಬಡಿಯಲು ಚಕ್ರವಿರಲಿಲ್ಲ. ಭಾವ ಕಾರುಗಳ ಕಡೆ ತಿರುಗಿದರು.

ತೊಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಮದರಾಸಿಗೆ ವರ್ಗ ಮಾಡಿದರು. ನಮ್ಮವರ ಕೆಲಸ ಮೈಸೂರಿನಲ್ಲೇ ಉಳಿಯಿತು. ನಾನು ಮಗಳನ್ನು ಕರೆದುಕೊಂಡು ಬಂದು ಅಕ್ಕನ ಮನೆಯ ಕೆಳಗಿನ ಮಹಡಿಯಲ್ಲೇ ಬಾಡಿಗೆಗೆ ನಿಂತೆ. ಅಕ್ಕನಿಗೆ ಮಕ್ಕಳಿಲ್ಲ. ನನ್ನ ಮಗಳು ಅವರಿಬ್ಬರಿಗೂ ಮಗಳಾದಳು. ಮದರಾಸಿನ ಶಾಲೆಗೆ ಸೇರಿ ಎರಡು ವರ್ಷವಾಗುವುದರೊಳಗೆ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವಷ್ಟು ಬೆಳೆದಳು ಬೇರೆ!

ಅಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಕೊಂಡೆ. ಬಸ್ಸಿನಲ್ಲಿ ಬೆವರುವುದು ತಪ್ಪಲಿ ಎಂದು ಕೊಂಡದ್ದು. ಆದರೆ ಭಾವ ಮುಂದಿನ ಸೀಟಿನಲ್ಲಿ ಕೂತ ದಿನದಿಂದ ಅದು ಕಾರಾಗಿ ಉಳಿಯಲಿಲ್ಲ, ಪರೀಕ್ಷೆಯ ಹಾಲ್ ಆಯಿತು. ಬಾಗಿಲು ಹಾಕಿದ ತಕ್ಷಣ ಅವರು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ, ಚಪ್ಪಲಿ ಬಿಚ್ಚಿ ಬರಿಗಾಲನ್ನು ನೆಲಕ್ಕೊತ್ತಿ, "ಎಲ್ಲರೂ ಸುಮ್ನಿರಿ" ಎನ್ನುತ್ತಿದ್ದರು. ಆಮೇಲೆ ಇಳಿಯುವವರೆಗೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ರೇಡಿಯೋ ಇಲ್ಲ, ಏಸಿ ಇಲ್ಲ. ಕೆಮ್ಮು ಬಂದರೆ ಸಿಗ್ನಲ್ ಬರುವವರೆಗೆ ತಡೆದುಕೊಳ್ಳಬೇಕು. ಆಶ್ಚರ್ಯವೆಂದರೆ ಹಿಂದಿನ ಸೀಟಿನಿಂದ ಅಕ್ಕನ ಗಾಜಿನ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದುದಕ್ಕೆ ಮಾತ್ರ ಅವರ ಆಕ್ಷೇಪವೇ ಇರಲಿಲ್ಲ. ಇಷ್ಟು ವರ್ಷದ ಮೇಲೂ ಹೆಂಡತಿಯ ಬಳೆಯ ಮೇಲೆ ಎಂಥ ಪ್ರೀತಿ ಎಂದು ನಾನು ಮೆಚ್ಚಿಕೊಂಡಿದ್ದೆ!

ಅಕ್ಕನ ಅಭಿಪ್ರಾಯ ಬೇರೆ ಇತ್ತು.

"ಪ್ರೀತಿನಾ? ಕಾರು ಮುಲುಕಿದ್ರೆ ಕೇಳ್ಸತ್ತೆ ಕಣೆ ಇವರಿಗೆ. ನಾನು ಅಡುಗೆಮನೆಯಿಂದ ಕೂಗಿ ಕೂಗಿ ಗಂಟ್ಲು ಹರ್ಕೊಂಡ್ರೂ ಕೇಳ್ಸಲ್ಲ. ನೀನು ಒಂದ್ಸಲ 'ಭಾವ' ಅಂದ್ರೆ ಸಾಕು, ತಿರುಗಿ ನೋಡ್ತಾರೆ!"

ಅದು ನಿಜವೇ. ಅಕ್ಕನದು ತೆಳುವಾದ, ಚೂಪು ದನಿ. ನನ್ನದು ಹುಟ್ಟಿನಿಂದಲೇ ಗಡಸು. ಬ್ಯಾಂಕಿಗೆ ಫೋನ್ ಮಾಡಿದವರೆಲ್ಲ ನನ್ನನ್ನು 'ಸಾರ್' ಎಂದೇ ಕರೆಯುವುದು. ಆದರೆ ಹೆಂಡತಿಯ ಮಾತಿಗಿಂತ ನಾದಿನಿಯ ಮಾತಿಗೆ ಬೆಲೆ ಬಂದರೆ ಯಾವ ಹೆಂಗಸಿಗೆ ತಾನೇ ಸಹನೆಯಾದೀತು? ಅಕ್ಕ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು.

ಮೊದಲ ಸಲ ಭಾವನ ವಿದ್ಯೆಯನ್ನು ನಾನು ಪೂರ್ತಿಯಾಗಿ ಕಂಡದ್ದು ಕೋಯಂಬೇಡಿಗೆ ತರಕಾರಿ ತರಲು ಹೋದಾಗ. ಬೆಳಿಗ್ಗೆ ಏಳು ಗಂಟೆ. ನನ್ನ ಕಾರಿನಲ್ಲಿ ಎಲ್ಲೋ ಒಂದು ಗುಂಯ್ ಎನ್ನುವ ಸದ್ದು. ನನಗೆ ಅದು ಕೇಳಿಸುತ್ತಲೂ ಇರಲಿಲ್ಲ. ಭಾವ, "ವೇಗ ಹೆಚ್ಚು ಮಾಡು" ಎಂದರು. ಮಾಡಿದೆ. "ಗೇರ್ ಬದಲಾಯ್ಸು." ಬದಲಾಯಿಸಿದೆ. "ಗೇರ್ ಬದಲಾದ್ರೂ ಸದ್ದು ಬದಲಾಗ್ಲಿಲ್ಲ, ವೇಗ ಬದಲಾದ್ರೆ ಬದಲಾಗತ್ತೆ. ಹಾಗಾದ್ರೆ ಇದು ಎಂಜಿನ್ ಅಲ್ಲ, ಚಕ್ರ. ಈಗ ಎಡಕ್ಕೆ ವಾಲಿಸು, ಬಲಕ್ಕೆ ವಾಲಿಸು." ಮದುವಣಗಿತ್ತಿಯ ಜಡೆಯ ಹಾಗೆ ಕಾರನ್ನು ಆಚೆ ಈಚೆ ಆಡಿಸುತ್ತಾ ಪೂನಮಲ್ಲಿ ಹೈರೋಡಿನಲ್ಲಿ ಹೋದೆ. ಪೊಲೀಸಿನವನು ಬಿಡುತ್ತಾನೆಯೇ? ಕೈ ತೋರಿಸಿ ನಿಲ್ಲಿಸಿ, ಕಿಟಕಿಯೊಳಗೆ ಮುಖ ತೂರಿಸಿ, "ಏನಮ್ಮಾ, ಕುಡಿಚ್ಚಿರಿಕ್ಕೀಂಗಳಾ?" ಎಂದ. ಬೆಳಗಿನ ಏಳು ಗಂಟೆಗೆ, ಹಣೆಯ ತುಂಬ ಕುಂಕುಮ ಇಟ್ಟುಕೊಂಡ ನನ್ನನ್ನು, ಕುಡಿದಿದ್ದೀಯಾ ಎಂದು ಕೇಳಿಬಿಟ್ಟ!

ನಾನು ಬಾಯಿ ತೆರೆಯುವ ಮೊದಲೇ ಭಾವ ಅವನ ಕಡೆ ಕೈ ಎತ್ತಿ, "ಸುಮ್ಮಾ ಇರುಂಗ" ಎಂದರು. ಆಮೇಲೆ ಅವನನ್ನೂ ಹಿಂದೆ ಕೂರಿಸಿಕೊಂಡು ಇನ್ನೊಂದು ಸುತ್ತು ಹಾಕಿಸಿದರು. ಕಾರು ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಸವೆದಿದೆ ಎಂದು ಅರ್ಥ, ಎಂದು ಅವನಿಗೆ ತಮಿಳಿನಲ್ಲಿ ಪಾಠ ಮಾಡಿದರು. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿವಿಗೊಟ್ಟು, "ಆಮಾ ಸಾರ್, ವಲದು ಪಕ್ಕಂ" ಎಂದು ಬಲಗಡೆಯೇ ಎಂದು ಒಪ್ಪಿಕೊಂಡ. ದಂಡ ಹಾಕುವ ಮಾತು ಮರೆತೇ ಹೋಯಿತು. ಇಳಿಯುವಾಗ ಠಾಣೆಯ ಜೀಪಿನದೂ ಒಂದು ನಡುಕ ಇದೆ, ಯಾವಾಗ ಬರುತ್ತೀರಿ ಎಂದು ಕೇಳಿದ.

ಚಕ್ರದ ಸದ್ದಿಗೆ ಅಂಗೈ ಸಾಕು. ಎಂಜಿನ್ನಿನ ಸದ್ದಾದರೆ ಭಾವನಿಗೆ ಲಟ್ಟಣಿಗೆ ಬೇಕಿತ್ತು! ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳುವುದುಂಟು. ಭಾವನ ಪ್ರಕಾರ ಅದಕ್ಕೆ ಕಬ್ಬಿಣಕ್ಕಿಂತ ಹಳೆಯ ತೇಗದ ಮರ ವಾಸಿ. ಮನೆಯಲ್ಲಿದ್ದ ಹಳೆಯ ತೇಗವೆಂದರೆ ಅಕ್ಕ ತವರಿನಿಂದ ತಂದ ಲಟ್ಟಣಿಗೆ. ಅಕ್ಕ ಚಪಾತಿ ಹಿಟ್ಟು ಕಲಸಿಟ್ಟು ನೋಡಿದರೆ ಲಟ್ಟಣಿಗೆ ಮಾಯ. ಕೆಳಗೆ ಬಗ್ಗಿ ನೋಡಿದರೆ ಭಾವ ಯಾರದೋ ಕಾರಿನ ಬಾನೆಟ್ಟಿನೊಳಗೆ ಅರ್ಧ ಇಳಿದಿರುತ್ತಿದ್ದರು. "ರೀ! ಲಟ್ಟಣಿಗೇ!" ಎಂದು ಅಕ್ಕ ಬಾಲ್ಕನಿಯಿಂದ ಕೂಗಿದರೆ ಎದುರಿನ ಮೂರು ಮನೆಯವರು ಹೊರಗೆ ಬರುತ್ತಿದ್ದರು, ಭಾವ ಮಾತ್ರ ತಲೆ ಎತ್ತುತ್ತಿರಲಿಲ್ಲ. ಆ ಮನೆಯಲ್ಲಿ ನಾನು ತಿಂದ ಚಪಾತಿಗಳಲ್ಲಿ ಅರ್ಧದಷ್ಟಕ್ಕೆ ಸಣ್ಣಗೆ ಗ್ರೀಸಿನ ವಾಸನೆ ಇತ್ತು.

ಎದುರು ಮನೆಯ ಹುಡುಗನ ಮದುವೆಯ ಕತೆ ಹೇಳದೆ ಮುಂದೆ ಹೋದರೆ ತಪ್ಪಾದೀತು. ಮದುವೆ ಪೋರೂರಿನ ಕಡೆಯ ಛತ್ರದಲ್ಲಿ. ಮದುಮಗನನ್ನು ಕರೆದೊಯ್ಯಲು ಬಾಡಿಗೆ ಕಾರು ಬಂದು, ಮಲ್ಲಿಗೆ ಸೇವಂತಿಗೆಯಲ್ಲಿ ಮುಚ್ಚಿಹೋಗಿ ನಿಂತಿತ್ತು. ಅದು ಬೀದಿಯೊಳಗೆ ತಿರುಗುವಾಗಲೇ ಭಾವ ಬಾಲ್ಕನಿಯಿಂದ ಕೇಳಿಸಿಕೊಂಡಿದ್ದರು. ಸರಸರ ಇಳಿದುಹೋಗಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಮುಂದಿನ ಎಡ ಚಕ್ರದ ಮೇಲೆ ದೊಡ್ಡದಾಗಿ ಒಂದು ಇಂಟು ಬರೆದು ಬಂದುಬಿಟ್ಟರು. ಹೇಳುವುದು ಕೇಳುವುದು ಏನೂ ಇಲ್ಲ. ರೈಲ್ವೆಯಲ್ಲಿ ಇಂಟು ಬರೆದ ಮೇಲೆ ಮಾತೇಕೆ?

ಆದರೆ ಮದುಮಗನ ಸೋದರತ್ತೆ ಎಂದೂ ರೈಲ್ವೆಯಲ್ಲಿದ್ದವರಲ್ಲ. ಚಕ್ರದ ಮೇಲಿನ ಗುರುತು ನೋಡಿ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಎದೆ ಹಿಡಿದುಕೊಂಡು ಕೂತರು. ಪುರೋಹಿತರು ಬಂದರು, ಬೂದುಗುಂಬಳ ಒಡೆಸಿದರು, ಕರ್ಪೂರ ಹಚ್ಚಿದರು. ಎಲ್ಲ ಮುಗಿದು ಕಾರು ಹೊರಡುವಾಗ ಭಾವ ಗಾಬರಿಯಿಂದ ಓಡಿಹೋಗಿ ಅಡ್ಡ ನಿಂತು, "ಇಂಟು ಹಾಕಿದೀನಲ್ರೀ, ಕಾಣಲ್ವಾ? ಕುಂಬಳಕಾಯಿ ಒಡೆದ್ರೆ ಬೇರಿಂಗ್ ಸರಿಹೋಗತ್ತಾ?" ಎಂದರು. ಮಾಟ ಮಾಡಿಸಿದವರು ಯಾರೆಂದು ಆಗ ಎಲ್ಲರಿಗೂ ತಿಳಿಯಿತು! ನಾನೂ ಅಕ್ಕನೂ ಅವರನ್ನು ಹೇಗೋ ಎಳೆದುಕೊಂಡು ಒಳಗೆ ಬಂದೆವು. ಪೋರೂರು ಇನ್ನೂ ಎರಡು ಮೈಲಿ ಇರುವಾಗ ಆ ಎಡ ಚಕ್ರ ಕಚ್ಚಿಕೊಂಡು ನಿಂತುಹೋಯಿತಂತೆ. ಮದುಮಗ ಪೇಟದ ಸಮೇತ ಆಟೋದಲ್ಲಿ ಛತ್ರ ಸೇರಿದ. ಮಾರನೆಯ ದಿನ ಅವರ ಮನೆಯಿಂದ ಒಂದು ತಟ್ಟೆ ಲಾಡು ಬಂತು. ಭಾವ ಒಂದನ್ನು ಬಾಯಿಗೆ ಹಾಕಿಕೊಂಡು, "ಪಾಪ, ಹುಡುಗ ಒಳ್ಳೆಯವನು" ಎಂದರು.

ಲಾಡಿನ ಆ ದಿನವೇ ಅಕ್ಕ ನನ್ನ ಮುಂದೆ ಕಣ್ಣೀರು ಹಾಕಿದ್ದು.

"ನನ್ನ ಮಂಡಿ ಕಟಕಟ ಅನ್ನಕ್ಕೆ ಶುರುವಾಗಿ ಆರು ತಿಂಗಳಾಯ್ತು. ದಿನಾ ಹೇಳ್ತೀನಿ. ಒಂದು ದಿನ 'ಹೌದಾ' ಅಂದಿಲ್ಲ ಕಣೆ. ಬೀದಿಗೆ ಬರೋ ಬಾಡಿಗೆ ಕಾರಿನ ಚಕ್ರ ನೊಂದ್ರೆ ಮಹಡಿ ಇಳಿದು ಓಡ್ತಾರೆ."

"ಭಾವನಿಗೆ ಗೊತ್ತಾಗಿರಲ್ಲ ಅಕ್ಕ."

"ಗೊತ್ತಾಗಲ್ಲ ಅಂದ್ರೆ? ಅಷ್ಟು ಸೂಕ್ಷ್ಮದ ಕಿವಿಗೆ ನಾನು ಮಾತ್ರ ಗೊತ್ತಾಗಲ್ವಾ?"

ಅಕ್ಕ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಭಾವ ಬಂದು ತಪ್ಪಾಯಿತು ಎನ್ನುವವರೆಗೆ ಮಾತಾಡುವುದಿಲ್ಲ ಎಂದು ಹಟ ಹಿಡಿದಳು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಎಂಟು ದಿನವಾದರೂ ಭಾವನಿಗೆ ಹೆಂಡತಿ ಮಾತು ಬಿಟ್ಟಿದ್ದಾಳೆ ಎಂಬುದೇ ತಿಳಿಯಲಿಲ್ಲ! ಒಂಬತ್ತನೆಯ ದಿನ ಅಕ್ಕನೇ ಸೋತು, "ಊಟಕ್ಕೆ ಬನ್ನಿ" ಎಂದಳಂತೆ. ಅದೂ ಕೇಳಿಸಲಿಲ್ಲವಂತೆ.

ಈ ನಡುವೆ ನನ್ನ ಕಾರಿಗೆ ಹೊಸದೊಂದು ಕಾಯಿಲೆ ಬಂತು. ಬೇರಿಂಗ್ ಬದಲಾಯಿಸಿದ್ದೆ, ಆದರೂ ಸಣ್ಣಗೆ ಗುಂಯ್ ಎನ್ನುವ ಸದ್ದು. ಅದೂ ದಿನಾ ಅಲ್ಲ, ಮಂಗಳವಾರ ಮತ್ತು ಶುಕ್ರವಾರ ಮಾತ್ರ! ವೇಗ ಹೆಚ್ಚಿಸಿದರೆ ಹೆಚ್ಚುವುದಿಲ್ಲ, ಕಡಿಮೆ ಮಾಡಿದರೆ ಕಡಿಮೆಯಾಗುವುದಿಲ್ಲ. ಭಾವ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು, ಟೈರಿನ ಗಾಳಿ ನೋಡಿಸಿದರು, ಸೈಲೆನ್ಸರನ್ನು ಅಲ್ಲಾಡಿಸಿದರು. ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ಕು ಎರಡು ಸಲ ಕಾರಿನಡಿ ಮಲಗಿ ಎದ್ದು, "ಒಣ್ಣುಮೇ ಇಲ್ಲೆ ಸಾರ್" ಎಂದು ಕೈ ಒರೆಸಿಕೊಂಡರು. ಏನೂ ಇಲ್ಲ ಎಂದರೆ ಭಾವ ಒಪ್ಪುತ್ತಾರೆಯೇ? ಒಂದು ಶುಕ್ರವಾರ ಅಡ್ಯಾರ್ ಸೇತುವೆ ಇಳಿದ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಲು ಹೇಳಿದರು. ಮಾಡಿದೆ. ಕಾರು ನಿಂತಿದೆ, ಎಂಜಿನ್ ಸತ್ತಿದೆ, ಸದ್ದು ಮಾತ್ರ ಬರುತ್ತಲೇ ಇದೆ! ಭಾವನ ಮುಖದಲ್ಲಿ ನಾನು ಮೊದಲ ಬಾರಿಗೆ ಭಯ ನೋಡಿದೆ.

"ಇಷ್ಟು ವರ್ಷದಲ್ಲಿ ನಿಂತ ಗಾಡಿ ಗುಂಯ್ ಅಂದಿದ್ದು ನಾನು ಕೇಳಿಲ್ಲ" ಎಂದು ಪಿಸುಗುಟ್ಟಿದರು.

ಹಿಂದಿನ ಸೀಟಿನಿಂದ ನನ್ನ ಮಗಳು, "ಪೆರಿಯಪ್ಪಾ..." ಎಂದು ತಮಿಳಿನಲ್ಲಿ ದೊಡ್ಡಪ್ಪನನ್ನು ಕರೆದಳು.

"ಸುಮ್ನಿರು" ಎಂದೆ ನಾನು, ಭಾವನ ಪರವಾಗಿ.

"ಇಲ್ಲಮ್ಮಾ, ಅದು..."

"ಸುಮ್ನಿರು ಅಂದೆ."

ಅವಳು ಬಾಗಿಲು ತೆರೆದು ದಡದಡ ಇಳಿದು ಡಿಕ್ಕಿ ತೆಗೆದು ತನ್ನ ಸಂಗೀತದ ಚೀಲವನ್ನು ತಂದು ಭಾವನ ಮಡಿಲಲ್ಲಿಟ್ಟಳು. ಒಳಗೆ ಅವಳ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತನ್ನ ಪಾಡಿಗೆ ತಾನು ಶ್ರುತಿ ಹಿಡಿದು ಕೂತಿತ್ತು! ಮಂಗಳವಾರ, ಶುಕ್ರವಾರ ಪಾಠ. ಡಿಕ್ಕಿಯಲ್ಲಿ ಸ್ಟೆಪ್ನಿಗೆ ಒತ್ತಿಕೊಂಡು ಅದರ ಸ್ವಿಚ್ಚು ತಾನಾಗಿ ತಿರುಗುತ್ತಿತ್ತಂತೆ. ಪಾಠದ ಮನೆಯ ಹತ್ತಿರ ಇಳಿದಾಗ ಪ್ರತಿ ಸಲವೂ ಅವಳೇ ಆಫ್ ಮಾಡುತ್ತಿದ್ದಳಂತೆ. "ಮೂರು ವಾರಮಾ ಸೊಲ್ಲ ಟ್ರೈ ಪಣ್ಣಿನೇನ್. ಪೇಸವೇ ವಿಡಲೆ!" ಎಂದು ಅಳುಮೋರೆ ಮಾಡಿದಳು. ಮೂರು ವಾರದಿಂದ ಹೇಳಲು ನೋಡುತ್ತಿದ್ದಾಳೆ, ನಾವು ಮಾತಾಡಲು ಬಿಟ್ಟರೆ ತಾನೇ?

ಭಾವ ಅವಳು ಹೇಳಿದ್ದಕ್ಕೆ "ಏನು, ಏನು?" ಎಂದು ಎರಡು ಸಲ ಕೇಳಿದರು. ನಾನು ವಿವರಿಸಿದ ಮೇಲೆ ಪೆಟ್ಟಿಗೆಯನ್ನು ಎತ್ತಿ ಕಿವಿಯ ಹಿಂದಕ್ಕೆ ಒತ್ತಿಕೊಂಡರು. ಸೋಲು ಒಪ್ಪುವವರಲ್ಲ. "ಶ್ರುತಿ ಒಂಚೂರು ಇಳಿದಿದೆ. ಬ್ಯಾಟರಿ ಬದಲಾಯ್ಸು" ಎಂದರು. ಮನೆಗೆ ಬಂದು ಬದಲಾಯಿಸಿದೆವು. ನಿಜವಾಗಿಯೂ ಇಳಿದಿತ್ತು!

ಇಷ್ಟೆಲ್ಲ ನಕ್ಕದ್ದಾಯಿತು. ಆ ತಿಂಗಳು ಅಕ್ಕ ಮೈಸೂರಿಗೆ ಟಿಕೆಟ್ ತೆಗೆಸಿದಳು. ಭಾನುವಾರ ಬೆಳಗಿನ ರೈಲಿಗೆ, ಒಂದೇ ಟಿಕೆಟ್, ಹೋಗುವುದಕ್ಕೆ ಮಾತ್ರ. "ಅಣ್ಣನ ಮನೇಲಿ ಇರ್ತೀನಿ. ಅಲ್ಲಿ ನಾಯಿ ಕೂಡ ನಾನು ಕರೆದ್ರೆ ತಿರುಗಿ ನೋಡತ್ತೆ" ಎಂದಳು. ಅಕ್ಕ ಸುಮ್ಮನೆ ಬೆದರಿಸುವವಳಲ್ಲ. ಟ್ರಂಕಿನಿಂದ ಚಳಿಗಾಲದ ಶಾಲು ಸಹ ತೆಗೆದಿಟ್ಟಿದ್ದಳು. ಭಾವನಿಗೆ ಹೇಳಿದ್ದಳೇ? ಹೇಳಿದ್ದಳಂತೆ, ಮೂರು ಸಲ. ಭಾವ ಪ್ರತಿ ಸಲವೂ ತಲೆಯಾಡಿಸಿದ್ದರಂತೆ.

ಆ ವಾರವೇ ನನ್ನ ಕಾರು ಕಿರುಚಲು ಶುರುಮಾಡಿತು. ಸ್ಟಾರ್ಟ್ ಮಾಡಿದರೆ ಕೀಽಽ ಎಂದು ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಸದ್ದು. ಕಾಗೆಗಳು ಹಾರಿಹೋದವು, ಇಸ್ತ್ರಿಯವರು ಪೆಟ್ಟಿಗೆ ಬಿಟ್ಟು ಕಿವಿ ಮುಚ್ಚಿಕೊಂಡರು. ನಾನು ಭಾವನನ್ನು ಕರೆದೆ. ಅವರು ಬಂದು ಅಂಗೈ ಊರಿ, ಪಾದ ಊರಿ, ಕಣ್ಣು ಮುಚ್ಚಿ ಎರಡು ನಿಮಿಷ ಕೂತು, "ಏನೂ ಸದ್ದಿಲ್ವಲ್ಲ? ಚೆನ್ನಾಗಿದೆ" ಎಂದರು. ಚಕ್ರಕ್ಕೆ ಸೊನ್ನೆ ಕೂಡ ಬರೆದರು! ನನಗೆ ಸಿಟ್ಟು ಬಂತು. ಶ್ರುತಿ ಪೆಟ್ಟಿಗೆಯ ಅವಮಾನಕ್ಕೆ ಹೀಗೆ ಆಡುತ್ತಿದ್ದಾರೆ ಎಂದುಕೊಂಡು, ಅವರನ್ನೂ ಕೂರಿಸಿಕೊಂಡೇ ಮೆಕ್ಯಾನಿಕ್ಕಿನ ಹತ್ತಿರ ಹೋದೆ.

ಬಾನೆಟ್ ಎತ್ತುವ ಮೊದಲೇ ಮೆಕ್ಯಾನಿಕ್ಕಿಗೆ ಗೊತ್ತಾಯಿತು, ಸಡಿಲವಾದ ಫ್ಯಾನ್ ಬೆಲ್ಟಿನ ಕಿರುಚಾಟ. ಐದು ನಿಮಿಷದ ಕೆಲಸ. ಆದರೆ ಅವರು ಕೆಲಸ ಬಿಟ್ಟು ಭಾವನನ್ನೇ ನೋಡುತ್ತಾ ನಿಂತರು. ಭಾವ ಆ ಕಿರುಚುವ ಎಂಜಿನ್ನಿಗೆ ಬೆನ್ನು ಹಾಕಿ, ಆರಾಮವಾಗಿ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು. ಮೆಕ್ಯಾನಿಕ್ಕು ಒಂದು ಸಣ್ಣ ಸ್ಪ್ಯಾನರ್ ತೆಗೆದು ಭಾವನ ಹಿಂದೆ ಸಿಮೆಂಟು ನೆಲದ ಮೇಲೆ ಬೇಕೆಂದೇ ಬೀಳಿಸಿದರು. ಟಿಣ್ ಎಂದು ಸದ್ದಾಯಿತು. ನಾನು ಬೆಚ್ಚಿದೆ. ಭಾವ ತಿರುಗಲಿಲ್ಲ.

"ಅಮ್ಮಾ" ಎಂದು ಮೆಕ್ಯಾನಿಕ್ಕು ತಗ್ಗಿದ ದನಿಯಲ್ಲಿ ತಮಿಳಿನಲ್ಲಿ ಹೇಳಿದರು. ಗುಂಯ್ ಎನ್ನುವ ಸದ್ದೆಲ್ಲ ಸಾರ್‌ಗೆ ನಮಗಿಂತ ಚೆನ್ನಾಗಿ ಕೇಳಿಸುತ್ತದೆ, ಕೀಚಲು ಸದ್ದು ಯಾವುದೂ ಕೇಳಿಸುವುದಿಲ್ಲ. ಕಬ್ಬಿಣ ಬಡಿದು ಬಡಿದು ಹೀಗಾಗುತ್ತದೆ. "ಎಂಗ ಅಪ್ಪಾವುಕ್ಕುಂ ಇದೇ ದಾನ್." ನಮ್ಮ ಅಪ್ಪನಿಗೂ ಇದೇ ಆಗಿತ್ತು ಎಂದು ಹೇಳಿ ಬೆಲ್ಟ್ ಬಿಗಿ ಮಾಡಲು ಬಗ್ಗಿದರು.

ಬಳೆಯ ಸದ್ದು, ನನ್ನ ಮಗಳ ದನಿ, ಎಂಟು ದಿನದ ಮೌನ, ಎಲ್ಲವೂ ಒಟ್ಟಿಗೆ ನೆನಪಾದವು. ಇಷ್ಟು ದಿನ ನಾವು ನಕ್ಕದ್ದು ಯಾವುದಕ್ಕೆ?

ಆಸ್ಪತ್ರೆಗೆ ಬನ್ನಿ ಎಂದರೆ ಭಾವ ಬರುತ್ತಾರೆಯೇ? ಶನಿವಾರ ಬೆಳಿಗ್ಗೆ, "ಭಾವ, ಪೋರೂರು ರಸ್ತೇಲಿ ಮಾತ್ರ ಒಂದು ಸದ್ದು ಬರತ್ತೆ" ಎಂದೆ. ಚಪ್ಪಲಿ ಮೆಟ್ಟಿಕೊಂಡು ತಯಾರಾದರು. ದಾರಿಯುದ್ದಕ್ಕೂ ಅಂಗೈ ಊರಿ ಕೂತಿದ್ದರು. ಪೋರೂರಿನ ಆಸ್ಪತ್ರೆಯ ಗೇಟಿನೊಳಗೆ ತಿರುಗಿಸಿದಾಗ, "ಸದ್ದೇ ಇಲ್ವಲ್ಲಮ್ಮಾ" ಎಂದರು. ನಾನು ಎಂಜಿನ್ ನಿಲ್ಲಿಸಿ ಅವರ ಮುಖ ನೋಡಿದೆ. ಫಲಕ ಓದಿಕೊಂಡರು. ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ಇಳಿದು ನನ್ನ ಹಿಂದೆ ಬಂದರು.

ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ತಗ್ಗಿನ ಸದ್ದುಗಳಿಗೆ ಭಾವ ಪಟಪಟ ಒತ್ತಿದರು. ಸದ್ದು ಮೇಲೇರಿದಂತೆ ಅವರ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾಯುತ್ತಾ ಉಳಿಯಿತು. ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲೆ ಎಡದಿಂದ ಬಲಕ್ಕೆ ಇಳಿದುಹೋದ ಗೆರೆಯನ್ನು ತೋರಿಸಿದಳು. ಹೆಂಗಸರ, ಮಕ್ಕಳ ದನಿ ಬಂದದ್ದು ತಿಳಿಯುತ್ತದೆ, ಮಾತು ಏನೆಂದು ತಿಳಿಯುವುದಿಲ್ಲ, ಸ್ವಲ್ಪ ದೂರವಾದರೆ ದನಿಯೂ ತಿಳಿಯುವುದಿಲ್ಲ ಎಂದಳು. ಕಿವಿಗೆ ಹಾಕಿಕೊಳ್ಳುವ ಮಷೀನೊಂದನ್ನು ತೊಡಿಸಿ ನೋಡಿದಳು. ಭಾವ ಅರ್ಧ ನಿಮಿಷ ಕಣ್ಣು ಮುಚ್ಚಿ, "ಈ ಮಷೀನಲ್ಲೇ ಒಂದು ಗುಂಯ್ ಇದೆ. ಮೊದಲು ಇದನ್ನ ರಿಪೇರಿ ಮಾಡ್ಸಿ" ಎಂದು ತೆಗೆದುಕೊಟ್ಟರು. ಅವಳು ಪರೀಕ್ಷಿಸಿದಳು. ಇತ್ತು! ಬೇರೆ ತರಿಸುತ್ತೇವೆ, ಹದಿನೈದು ದಿನ ಬಿಟ್ಟು ಬನ್ನಿ ಎಂದಳು.

ವಾಪಸು ಬರುವಾಗ ಪೋರೂರು ಕೆರೆಯ ಹತ್ತಿರ ನಾನು ಕಾರು ನಿಲ್ಲಿಸಿದೆ.

"ನಿಮಗೆ ಗೊತ್ತಿತ್ತಾ ಭಾವ?"

"ಗೊತ್ತಿರದೆ ಏನು? ಒಂದು ದಿನ ಎಲ್ಲಾ ಚಕ್ರಾನೂ ಒಂದೇ ಥರ ಕೇಳಿಸ್ತು. ಠಣ್ ಯಾವ್ದು, ಠಕ್ ಯಾವ್ದು ತಿಳೀಲಿಲ್ಲ. ಮೇಲೆ ಸಾವಿರ ಜನ ಕೂತಿರ್ತಾರೆ ನೋಡು. ಅವತ್ತೇ ಸುತ್ತಿಗೆ ವಾಪಸ್ ಕೊಟ್ಟುಬಿಟ್ಟೆ."

ಬಿಸಿಲಿಗೆ ಹೆದರಿ ಕುರ್ಚಿ ಹಿಡಿದರು ಎಂದು ನಾವು ಆಡಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

"ಅಕ್ಕನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೂಗಕ್ಕೆ ಶುರು ಮಾಡ್ತಾಳೆ. ಕೂಗಿದ್ರೆ ಅವಳ ದನಿ ಇನ್ನೂ ಮೇಲಕ್ಕೆ ಹೋಗತ್ತೆ. ಈಗ ಕೇಳ್ಸೋ ಅಷ್ಟೂ ಆಗ ಕೇಳ್ಸಲ್ಲ." ಡ್ಯಾಶ್‌ಬೋರ್ಡಿನ ಮೇಲಿದ್ದ ಅಂಗೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. "ನೀವೆಲ್ಲ ಮಾತಾಡ್ತಾ ಇದ್ರೆ ನಾನು ಹೊರಗಿನವನ ಥರ ಕೂತಿರ್ತೀನಿ ಕಣಮ್ಮಾ. ನೀವು ನಕ್ಕಾಗ ನಗ್ತೀನಿ. ಕಾರಲ್ಲಿ ಎಲ್ರೂ ಸುಮ್ನಿದ್ರೆ ಮಾತ್ರ ನಾನೂ ನಿಮ್ಮ ಜೊತೆ ಇರ್ತೀನಿ. ಆಗ ನನಗೆ ಕೇಳ್ಸಿದ್ದೇ ನಿಮಗೂ ಕೇಳ್ಸೋದು."

ಇದನ್ನೆಲ್ಲ ಅಕ್ಕನಿಗೆ ಹೇಳಬೇಡ ಎಂದರು. ನಾನು ಹೂಂ ಎಂದೆ. ಮನೆಗೆ ಬಂದು, ಭಾವ ಕಾಲು ತೊಳೆಯಲು ಹೋದಾಗ, ಅಡುಗೆಮನೆಯಲ್ಲಿ ಅಕ್ಕನಿಗೆ ಒಂದಕ್ಷರ ಬಿಡದೆ ಹೇಳಿದೆ. ಮಾತು ತಪ್ಪಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಅಕ್ಕ ಮಾರನೆಯ ದಿನದ ರೈಲಿಗೆಂದು ಚಪಾತಿ ಲಟ್ಟಿಸುತ್ತಿದ್ದಳು. ನಾನು ಹೇಳಿ ಮುಗಿಸಿದ ಮೇಲೆ ಇನ್ನೊಂದು ಚಪಾತಿ ಲಟ್ಟಿಸಿ ಕಾವಲಿಯ ಮೇಲೆ ಹಾಕಿದಳು. ಅಷ್ಟರಲ್ಲಿ ಕೆಳಗೆ ಯಾವುದೋ ಕಾರು ಬಂದು ನಿಂತಿತು. ಭಾವ ಒದ್ದೆ ಕಾಲಿನಲ್ಲೇ ಒಳಗೆ ಬಂದು, ಎಂದಿನಂತೆ, ಕೇಳದೆಯೇ ಲಟ್ಟಣಿಗೆಗೆ ಕೈ ಹಾಕಿದರು. ಅಕ್ಕ ಅದರ ಇನ್ನೊಂದು ತುದಿಯನ್ನು ಬಿಡಲಿಲ್ಲ. ಭಾವ ಎಳೆದರು, ಅಕ್ಕ ಇನ್ನೂ ಬಿಗಿಯಾಗಿ ಹಿಡಿದಳು. ಅವರು ತಬ್ಬಿಬ್ಬಾಗಿ ನಿಂತಾಗ, ಹಿಟ್ಟು ಮೆತ್ತಿದ ಆ ಲಟ್ಟಣಿಗೆಯ ಒಂದು ತುದಿಯನ್ನು ಅವರ ಕಿವಿಯ ಹಿಂದಿನ ಮೂಳೆಗೆ ಇಟ್ಟಳು. ಇನ್ನೊಂದು ತುದಿಯನ್ನು ತನ್ನ ಗಂಟಲ ಕೆಳಗೆ ಎದೆಯ ಮೂಳೆಗೆ ಒತ್ತಿಕೊಂಡಳು. ಕೂಗಲಿಲ್ಲ. ಮೆಲ್ಲಗೆ, ನನಗೆ ಕೇಳಿಸಿಯೂ ಕೇಳಿಸದಷ್ಟು ತಗ್ಗಿಸಿ, "ರೀ, ಆರು ತಿಂಗಳಿಂದ ಮಂಡಿ ನೋಯ್ತಾ ಇದೆ" ಎಂದಳು.

ಭಾವ ಕಣ್ಣು ಮುಚ್ಚಿದರು. ಎಷ್ಟೋ ಕಾರುಗಳ ಮುಂದೆ ಹಾಗೆ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದೆ.

"ಯಾವ ಕಡೆದು? ಎಡದ್ದಾ, ಬಲದ್ದಾ?"

"ಎಡದ್ದು."

"ಮೆಟ್ಲು ಹತ್ತುವಾಗಲೋ, ಇಳಿಯುವಾಗಲೋ?"

"ಇಳಿಯುವಾಗ..." ಎನ್ನುವಷ್ಟರಲ್ಲಿ ಅಕ್ಕನಿಗೆ ಅಳು ಒತ್ತರಿಸಿಕೊಂಡು ಬಂದು ಮಾತು ನಿಂತುಹೋಯಿತು. ಕಾವಲಿಯ ಮೇಲೆ ರೈಲಿನ ಚಪಾತಿ ಸೀಯುತ್ತಿತ್ತು. ನಾನು ಸದ್ದಾಗದಂತೆ ಒಲೆ ಆರಿಸಿದೆ. ಭಾವ ಲಟ್ಟಣಿಗೆಯನ್ನು ತಮ್ಮ ಕಿವಿಯ ಹಿಂದಕ್ಕೆ ಇನ್ನೂ ಒತ್ತಿ ಹಿಡಿದರು. ಇಡೀ ಬೀದಿಗೆ, ನೆಂಟರಿಗೆ, ಪೊಲೀಸಿನವನಿಗೆ ಸಹ ಸುಮ್ಮನಿರಲು ಹೇಳಿದ ಮನುಷ್ಯ, ಕಣ್ಣು ತೆರೆಯದೆಯೇ ಹೇಳಿದರು:

"ನಿಲ್ಲಿಸ್ಬೇಡ ಕಣೇ. ಮಾತಾಡು."